ಗೋದಲಿಯೂ ಹುಲ್ಲುಗೂಡೂ

ಮದುವೆಯಾಗಿ ತ್ರಿಶೂರಿಗೆ ಬಂದ ಮೊದಲ ವರ್ಷದ ಮಾತು. ಡಿಸೆಂಬರ್ ಒಂದನೇ ತಾರೀಕು ಸಂಜೆ ಬ್ಯಾಂಕಿನಿಂದ ಬರುವಾಗ ಒಂದು ಕೆಜಿ ಮತ್ತಿ ಮೀನು ತಂದೆ. ಅಳಿಯ ಬರಿಗೈಯಲ್ಲಿ ಬರಬಾರದು ಅನ್ನೋ ಲೆಕ್ಕ. ಅತ್ತೆಯವರು ಚೀಲ ಬಿಚ್ಚಿ ನೋಡಿದರು. ಬಾಯಿಬಿಟ್ಟು ಏನೂ ಅನ್ನಲಿಲ್ಲ. ಚೀಲವನ್ನು ಹಾಗೇ ಎತ್ತಿಕೊಂಡು ಹೋಗಿ ಪಕ್ಕದ ಮನೆಯ ನಾಯರ್ ಹೆಂಗಸಿಗೆ ಕೊಟ್ಟು ಬಂದರು. ರಾತ್ರಿ ಊಟಕ್ಕೆ ಗಂಜಿ, ಹೆಸರುಕಾಳಿನ ಪಲ್ಯ.

"ಇವತ್ತಿಂದ ನೋಂಬು. ಕ್ರಿಸ್ಮಸ್‌ವರೆಗೆ ಮೀನು ಮಾಂಸ ಇಲ್ಲ. ನಿಮ್ಮ ಕಡೆ ಮಾಡಲ್ವಾ?" ಅಂತ ಹೆಂಡತಿ ಕೇಳಿದಳು.

ಇಲ್ಲ ಅಂದೆ. ಹೇಳುವಾಗ ನಾಚಿಕೆಯೂ ಆಯಿತು, ಸಿಟ್ಟೂ ಬಂತು. ಹುಟ್ಟಿನಿಂದ ಕಥೋಲಿಕ ನಾನು. ಚಿತ್ರದುರ್ಗದ ಚರ್ಚಿನಲ್ಲಿ ಎಂಟು ವರ್ಷ ಪೂಜೆಯ ಗಂಟೆ ಬಾರಿಸಿದವನು. ನನಗೇ ಕ್ರಿಸ್ಮಸ್ ಪಾಠ ಹೇಳೋಕೆ ಬಂದ್ರಲ್ಲ ಇವರು ಅಂತ.

ನಮ್ಮಲ್ಲಿ ಉಪವಾಸ ಅಂದರೆ ತಪಸ್ಸು ಕಾಲ. ಈಸ್ಟರಿಗೆ ಮುಂಚಿನ ನಲವತ್ತು ದಿನ, ಅಷ್ಟೇ. ಡಿಸೆಂಬರ್ ಬಂತೆಂದರೆ ಮನೆಗೆ ಸುಣ್ಣ, ಮಕ್ಕಳಿಗೆ ಬಟ್ಟೆ, ಕರ್ಜಿಕಾಯಿ, ಚಕ್ಕುಲಿ. ಅಮ್ಮನಿಗೆ ಫೋನ್ ಮಾಡಿ ಇಲ್ಲಿನ ಕಥೆ ಹೇಳಿದೆ. "ಬಾಣಂತನದ ಮನೇಲಿ ಯಾರಾದ್ರೂ ಉಪವಾಸ ಇರ್ತಾರೇನೋ?" ಅಂದಳು. ಉತ್ತರ ಹೊಳೆಯಲು ನನಗೆ ಎರಡು ಮೂರು ವರ್ಷ ಬೇಕಾಯಿತು.

ಮೊದಲು ಒಂದು ವಿಷಯ ಹೇಳಿಬಿಡುತ್ತೇನೆ. ನಾವು ಲ್ಯಾಟಿನ್ ಕಥೋಲಿಕರು. ಹೆಂಡತಿಯ ಮನೆಯವರು ಸಿರೋ ಮಲಬಾರ್ ಕಥೋಲಿಕರು. ಇಬ್ಬರಿಗೂ ರೋಮಿನ ಪೋಪರೇ ಹಿರಿಯರು. ಪೂಜೆಯ ಕ್ರಮ ಬೇರೆ, ಪಂಚಾಂಗ ಬೇರೆ. ಅವರದು ಸಿರಿಯಾಕ್ ಸಂಪ್ರದಾಯ. ಪೂಜೆಗೆ ಕುರ್ಬಾನ ಅನ್ನುತ್ತಾರೆ, ಕಾಣಿಕೆ ಅಂತ ಅರ್ಥ. ಇದನ್ನು ದುರ್ಗದ ನನ್ನ ಮುಸ್ಲಿಂ ಗೆಳೆಯನಿಗೆ ಹೇಳಿದಾಗ "ಲೇ, ಅದು ನಮ್ಮ ಕುರ್ಬಾನಿ ಕಣೋ" ಅಂದ. ಹೌದು, ಎರಡರ ಬೇರೂ ಒಂದೇ.

ಮಲಯಾಳಂ ಮೊದಮೊದಲು ಗೋಡೆಯ ಹಾಗೆ ಕಂಡಿತ್ತು. ಆಮೇಲೆ ಆ ಗೋಡೆಯಲ್ಲಿ ಕಿಟಕಿಗಳು ಸಿಕ್ಕವು. ನೋಂಬು ಅಂದರೆ ನಮ್ಮ ಹಳೆಯ ನೋಂಪಿ. ಜೈನರು ಈಗಲೂ ಆ ಮಾತು ಬಳಸುತ್ತಾರೆ. ಕ್ರಿಸ್ಮಸ್ ಗುಡಿಸಲಿಗೆ ಇವರು ಪುಲ್ಕೂಡು ಅನ್ನುತ್ತಾರೆ. ಪುಲ್ ಅಂದರೆ ಹುಲ್ಲು, ಕೂಡು ಅಂದರೆ ಗೂಡು. ಹುಲ್ಲುಗೂಡು! ನಾವು ಅದನ್ನೇ ಗೋದಲಿ ಅನ್ನುತ್ತೇವೆ. ಗೋದಲಿ ಅಂದರೆ ಗುಡಿಸಲಲ್ಲ, ದನಕ್ಕೆ ಮೇವು ಹಾಕುವ ತೊಟ್ಟಿ. ಮಲಯಾಳಿಗಳು ಮೇಲಿನ ಹುಲ್ಲು ನೋಡಿದರು, ಕನ್ನಡಿಗರು ಕೂಸು ಮಲಗಿದ ಜಾಗ ನೋಡಿದರು. ಈ ಎರಡು ಮಾತುಗಳನ್ನು ತಲೆಯಲ್ಲಿಟ್ಟುಕೊಂಡೇ ಹತ್ತು ವರ್ಷದಿಂದ ಎರಡೂ ಊರಿನ ಕ್ರಿಸ್ಮಸ್ ನೋಡುತ್ತಿದ್ದೇನೆ.

ಹಾಗಂತ ಲ್ಯಾಟಿನ್ ಕ್ರಮದಲ್ಲಿ ಕಾಯುವಿಕೆ ಇಲ್ಲವೇ ಇಲ್ಲ ಅಂತಲ್ಲ. ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ಭಾನುವಾರ ಆಗಮನ ಕಾಲ. ಗುರುಗಳು ನೇರಳೆ ಬಣ್ಣದ ಪೂಜಾವಸ್ತ್ರ ಹಾಕುತ್ತಾರೆ. ನಾಲ್ಕು ಮೇಣದಬತ್ತಿ ಇಟ್ಟು ವಾರಕ್ಕೊಂದು ಹಚ್ಚುತ್ತಾರೆ. ಮೂರನೇ ಭಾನುವಾರ ಗುಲಾಬಿ ಬಣ್ಣ, ಇನ್ನೇನು ಬಂದೇಬಿಟ್ಟ ಅನ್ನೋ ಸಂತೋಷಕ್ಕೆ. ಇನ್ನೊಂದು ಸೂಕ್ಷ್ಮ ಇದೆ, ಗಂಟೆ ಹುಡುಗರಿಗೆ ಮಾತ್ರ ಚೆನ್ನಾಗಿ ಗೊತ್ತಿರುವಂಥದ್ದು. ಸಾಮಾನ್ಯ ಭಾನುವಾರಗಳಲ್ಲಿ ಹಾಡುವ 'ಮಹೋನ್ನತದಲ್ಲಿ ದೇವರಿಗೆ ಮಹಿಮೆ' ಗೀತೆಯನ್ನು ಆ ನಾಲ್ಕು ವಾರ ಹಾಡುವುದಿಲ್ಲ. ಅದು ಯೇಸು ಹುಟ್ಟಿದ ರಾತ್ರಿ ಕುರುಬರಿಗೆ ದೇವದೂತರು ಹಾಡಿದ ಹಾಡು. ಕ್ರಿಸ್ಮಸ್ ರಾತ್ರಿ ಅವರ ಬಾಯಿಂದಲೇ ಮೊದಲು ಕೇಳಲಿ ಅಂತ ಸುಮ್ಮನಿರುತ್ತೇವೆ. ಆ ರಾತ್ರಿ ಗುರುಗಳು ಹಾಡು ಎತ್ತಿದ ತಕ್ಷಣ ಚಿಕ್ಕ ಗಂಟೆ, ದೊಡ್ಡ ಗಂಟೆ ಎಲ್ಲ ಒಟ್ಟಿಗೆ ಬಾರಿಸಬೇಕು. ಕೈ ಸೋಲುವವರೆಗೂ ಬಾರಿಸುತ್ತಿದ್ದೆ. ಗುರುಗಳು ಒಮ್ಮೆ ತಿರುಗಿ ನೋಡಿ ಸಾಕು ಅಂತ ಕಣ್ಣಲ್ಲೇ ಹೇಳಿದ್ದರು.

ಆದರೆ ಇದೆಲ್ಲ ಚರ್ಚಿನ ಒಳಗಿನ ಮಾತು. ಮನೆಗೆ ಬರುತ್ತಿರಲಿಲ್ಲ. ನೇರಳೆ ಬಟ್ಟೆ ಗುರುಗಳ ಮೈಮೇಲೆ, ಚಕ್ಕುಲಿ ನಮ್ಮ ಕೈಯಲ್ಲಿ. ಇಲ್ಲಿ ಹಾಗಲ್ಲ. ಇಲ್ಲಿ ಕಾಯುವುದು ಅಡುಗೆಮನೆಯಿಂದಲೇ ಶುರು. ಕ್ರಿಸ್ಮಸ್‌ಗೆ ಮುಂಚಿನ ಈ ವಾರಗಳಿಗೆ ಸಿರೋ ಮಲಬಾರ್ ಪಂಚಾಂಗದಲ್ಲಿ ಮಂಗಳವಾರ್ತೆ ಕಾಲ ಅಂತ ಹೆಸರು. ದೇವದೂತ ಬಂದು ಮರಿಯಮ್ಮನಿಗೆ ನೀನು ತಾಯಾಗುವೆ ಅಂದನಲ್ಲ, ಆ ಮಂಗಳವಾರ್ತೆ. ಅಂದರೆ ಇದು ಬಾಣಂತಿಯ ಕಾಲವಲ್ಲ, ಬಸುರಿಯ ಕಾಲ. ಅಮ್ಮನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಇಲ್ಲೇ. ಬಸುರಿ ಇರುವ ಮನೆಯಲ್ಲಿ ಎಲ್ಲರೂ ಒಂದು ಕಣ್ಣು ಅವಳ ಮೇಲೆ ಇಟ್ಟಿರುತ್ತಾರೆ. ಜೋರಾಗಿ ಮಾತಾಡುವುದಿಲ್ಲ. ದಿನ ಎಣಿಸುತ್ತಾರೆ.

ನಾನು ಮೊದಲ ವರ್ಷ ಅತ್ತೆಗೆ ಹೆದರಿ ನೋಂಬು ಹಿಡಿದೆ. ಎಂಟನೇ ದಿನಕ್ಕೆ ಬ್ಯಾಂಕಿನ ಪಕ್ಕದ ಹೋಟೆಲಲ್ಲಿ ಕದ್ದು ಬೀಫ್ ಫ್ರೈ ತಿಂದೆ. ಅದನ್ನು ಪಾಪನಿವೇದನೆಯಲ್ಲಿ ಹೇಳಿದೆನೋ ಇಲ್ಲವೋ ನೆನಪಿಲ್ಲ. ಎರಡನೇ ವರ್ಷ ಹದಿನೆಂಟು ದಿನ ದಾಟಿದೆ. ಮೂರನೇ ವರ್ಷ ಪೂರ್ತಿ ಮಾಡಿದೆ. ಆ ಸಲ ಒಂದು ವಿಚಿತ್ರ ಆಯಿತು. ಕಾಯುವುದು ಮನಸ್ಸಿನ ಕೆಲಸ ಅಂತ ಅಂದುಕೊಂಡಿದ್ದೆ. ಇಪ್ಪತ್ತನೇ ತಾರೀಕಿನ ಹೊತ್ತಿಗೆ ಮೈಯೇ ಕಾಯತೊಡಗಿತು. ನಾಲಗೆ ಕಾಯುತ್ತಿತ್ತು, ಹೊಟ್ಟೆ ಕಾಯುತ್ತಿತ್ತು. ದೇವರು ಮೈ ತಳೆದು ಬಂದ ಹಬ್ಬ ಇದು. ಅದಕ್ಕೆ ಮೈಯಿಂದಲೇ ಕಾಯಬೇಕು ಅನ್ನುವುದು ಅದುವರೆಗೆ ನನಗೆ ಹೊಳೆದಿರಲಿಲ್ಲ.

ಇನ್ನು ಕೇರಳದವರ ತಪ್ಪು ಹುಡುಕುವ ಸರದಿ. ಹೊರನಾಡಿನಲ್ಲಿದ್ದೂ ಇಷ್ಟಾದರೂ ಮಾಡದಿದ್ದರೆ ಹೇಗೆ?

ಇಪ್ಪತ್ತನಾಲ್ಕರ ನಡುರಾತ್ರಿಯ ಕುರ್ಬಾನ ಮುಗಿದು ಮನೆಗೆ ಬರುವಷ್ಟರಲ್ಲಿ ಅಪ್ಪಂ, ಸ್ಟ್ಯೂ, ಬಾತುಕೋಳಿ ರೋಸ್ಟ್ ಎಲ್ಲ ಸಿದ್ಧ. ಕಟ್ಟೆ ಒಡೆದ ಹಾಗೆ ತಿನ್ನುತ್ತಾರೆ. ಅದು ಸರಿ, ಹಬ್ಬ ತಾನೇ. ಆದರೆ ನೋಂಬಿನ ಕೊನೆಯ ದಿನ ಸರ್ಕಾರಿ ಮದ್ಯದಂಗಡಿಗಳ ಮುಂದೆ ನಿಲ್ಲುವ ಸಾಲು ನೋಡಬೇಕು. ಎಷ್ಟು ಕೋಟಿ ವ್ಯಾಪಾರ ಆಯಿತು ಅಂತ ಪೇಪರುಗಳಲ್ಲಿ ಪ್ರತಿ ವರ್ಷ ಸುದ್ದಿ. ಈ ವಿಷಯದಲ್ಲಿ ನಮ್ಮ ಕಡೆಯವರೂ ಸಾಚಾಗಳೇನಲ್ಲ ಬಿಡಿ.

ತ್ರಿಶೂರಿನಲ್ಲಿ ಇನ್ನೊಂದಿದೆ. ಕ್ರಿಸ್ಮಸ್ ಕಳೆದ ಮೇಲೆ ಬೋಣ್ ನತಾಲೆ ಅನ್ನುವ ಮೆರವಣಿಗೆ. ಇಟಲಿಯ ಮಾತು, ಹುಟ್ಟಿನ ಹಬ್ಬದ ಶುಭಾಶಯ ಅಂತ. 2014ರ ಡಿಸೆಂಬರ್ 27ರಂದು 18,112 ಜನ ಸಾಂಟಾ ವೇಷ ಹಾಕಿ ಒಂದೇ ಕಡೆ ಸೇರಿ ಗಿನ್ನೆಸ್ ದಾಖಲೆ ಮಾಡಿದರು. ಈಗಲೂ ವಡಕ್ಕುನ್ನಾಥನ್ ದೇವಸ್ಥಾನದ ಸುತ್ತಲಿನ ಸ್ವರಾಜ್ ರೌಂಡಿನಲ್ಲಿ ಕೆಂಪು ಬಟ್ಟೆಯ ಹೊಳೆ ಹರಿಯುತ್ತದೆ. ನನ್ನ ಮಗಳಿಗೆ ಬಹಳ ಇಷ್ಟ. ಎಲ್ಲ ಧರ್ಮದವರೂ ಬಂದು ನೋಡುತ್ತಾರೆ, ಕುಣಿಯುತ್ತಾರೆ, ಅದು ಒಳ್ಳೆಯದೇ. ಈ ಸಾಂಟಾದ ಮೂಲವಾದ ಸಂತ ನಿಕೋಲಾಸರೂ ಸುಮ್ಮನೆ ಬಂದವರಲ್ಲ. ಈಗಿನ ಟರ್ಕಿಯಲ್ಲಿರುವ ಮೈರಾದ ಬಿಷಪ್ ಆಗಿದ್ದವರು, ಬಡವರಿಗೆ ಗುಟ್ಟಾಗಿ ಕೊಡುತ್ತಿದ್ದರು ಅಂತ ಕಥೆ. ಗುಟ್ಟಾಗಿ ಕೊಟ್ಟವರ ಹೆಸರಲ್ಲಿ ಹದಿನೆಂಟು ಸಾವಿರ ಜನರ ಮೆರವಣಿಗೆ! ಹುಟ್ಟಿದ್ದು ಕೂಸು, ಬೀದಿ ತುಂಬ ಗಡ್ಡದ ಮುದುಕರು.

ಎರ್ನಾಕುಲಂ ಕಡೆಯದು ಇನ್ನೂ ಬೇಸರದ ಸಂಗತಿ. ಕುರ್ಬಾನ ಮಾಡುವ ಗುರುಗಳು ಜನರ ಕಡೆ ಮುಖ ಮಾಡಬೇಕಾ, ಪೀಠದ ಕಡೆ ಮುಖ ಮಾಡಬೇಕಾ ಅಂತ ವರ್ಷಗಟ್ಟಲೆ ಜಗಳ. 2022ರ ಕ್ರಿಸ್ಮಸ್‌ಗೆ ಅಲ್ಲಿನ ದೊಡ್ಡ ಬೆಸಿಲಿಕಾದ ಬಾಗಿಲೇ ತೆರೆಯಲಿಲ್ಲ. ಎರಡು ಕಡೆಯವರ ವಾದದಲ್ಲೂ ಹುರುಳಿದೆ, ನಾನು ನ್ಯಾಯ ಹೇಳಲು ಹೋಗುವುದಿಲ್ಲ. ಆದರೆ ಕ್ರಿಸ್ಮಸ್ ದಿನ ಬೀಗ ಹಾಕಿದ ಚರ್ಚಿನ ಫೋಟೋ ಪೇಪರಿನಲ್ಲಿ ನೋಡಿದಾಗ ಬೆತ್ಲೆಹೇಮಿನ ಛತ್ರದಲ್ಲಿ ಜಾಗ ಸಿಗದ ಮರಿಯಮ್ಮ, ಜೋಸೆಫರೇ ಕಣ್ಣ ಮುಂದೆ ಬಂದರು.

2011ರ ಜನಗಣತಿಯ ಪ್ರಕಾರ ಕೇರಳದಲ್ಲಿ ಕ್ರೈಸ್ತರು ನೂರಕ್ಕೆ 18.38. ಕರ್ನಾಟಕದಲ್ಲಿ 1.87. ಚಿತ್ರದುರ್ಗದಲ್ಲಂತೂ ಹುಡುಕಬೇಕು. ನಮ್ಮ ತಾತ ಚಳ್ಳಕೆರೆಯ ಎಣ್ಣೆ ಮಿಲ್ಲಿಗೆ ಕೂಲಿಗೆ ಬಂದವರು, ಅಪ್ಪ ದುರ್ಗಕ್ಕೆ ಬಂದು ನೆಲೆಸಿದರು. ನಮ್ಮ ಬೀದಿಯಲ್ಲಿ ನಕ್ಷತ್ರ ಕಟ್ಟುತ್ತಿದ್ದುದು ನಮ್ಮ ಮನೆ ಒಂದೇ. ಜೋಗಿಮಟ್ಟಿ ಕಡೆಯಿಂದ ಬೀಸುವ ಗಾಳಿಗೆ ಅದು ವಾರದಲ್ಲಿ ಎರಡು ಸಲ ಹರಿಯುತ್ತಿತ್ತು. ಇಲ್ಲಿ ಬೀದಿಗೆ ಬೀದಿಯೇ ನಕ್ಷತ್ರ. ಯಾರ ಮನೆ ಕ್ರೈಸ್ತರದು ಅಂತ ನಕ್ಷತ್ರ ನೋಡಿ ಹೇಳಲಾಗುವುದಿಲ್ಲ.

ಕಡಿಮೆ ಜನ ಇದ್ದುದರಿಂದ ನಮಗೆ ಒಂದು ಲಾಭ ಆಯಿತು ಅಂತ ಈಗ ಅನಿಸುತ್ತದೆ. ನಮ್ಮ ಹಬ್ಬ ನಮ್ಮಷ್ಟಕ್ಕೇ ಮುಗಿಯುತ್ತಿರಲಿಲ್ಲ. ಇಪ್ಪತ್ತೈದರ ಸಂಜೆ ಚರ್ಚಿನ ಗೋದಲಿ ನೋಡಲು ಊರೇ ಬರುತ್ತಿತ್ತು. ಬುರ್ಖಾ ಹಾಕಿದವರು, ವಿಭೂತಿ ಹಚ್ಚಿದವರು, ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಹಳ್ಳಿಯಿಂದ ಬಂದವರು. ಚಪ್ಪಲಿ ಬಿಟ್ಟು, ಕೈ ಮುಗಿದು, ಒಂದು ರೂಪಾಯಿ ಹಾಕಿ, ಪ್ರಸಾದ ಎಲ್ಲಿ ಕೊಡ್ತಾರೆ ಅಂತ ಕೇಳುತ್ತಿದ್ದರು. ನಮ್ಮ ಗುರುಗಳು ಸಕ್ಕರೆ ಮಿಠಾಯಿ ಇಟ್ಟಿರುತ್ತಿದ್ದರು. ಹರಿಹರದ ಆರೋಗ್ಯ ಮಾತೆ ಮರಿಯಮ್ಮನ ಗುಡಿಗೂ ಹೀಗೇ ಅಲ್ವಾ, ಸೆಪ್ಟೆಂಬರ್ ಎಂಟರ ಹಬ್ಬಕ್ಕೆ ಬರುವವರ ಜಾತಿ ಧರ್ಮ ಯಾರು ಕೇಳುತ್ತಾರೆ?

ಆ ಗೋದಲಿಯ ಬಗ್ಗೆ ಸ್ವಲ್ಪ ಹೇಳಲೇಬೇಕು. ಅದನ್ನು ಕಟ್ಟುತ್ತಿದ್ದುದು ನಾವು ಹುಡುಗರು, ಹದಿನೈದು ದಿನ ಮುಂಚಿನಿಂದ. ಡಾಲ್ಡಾ ಡಬ್ಬಿಗಳಲ್ಲಿ ರಾಗಿ ಚೆಲ್ಲಿ ಮೊಳಕೆ ಬರಿಸುತ್ತಿದ್ದೆವು, ಅದು ಹುಲ್ಲುಗಾವಲು. ಬೆಟ್ಟದಿಂದ ಕಲ್ಲು ಹೊತ್ತು ತರುತ್ತಿದ್ದೆವು. ಕಲ್ಲಿಗೇನು ಬರ ದುರ್ಗದಲ್ಲಿ? ಹಿಂದುಗಡೆ ಹೆರೋದ ರಾಜನ ಅರಮನೆ ಬೇಕಲ್ಲ. ನಮಗೆ ಗೊತ್ತಿದ್ದ ಅರಮನೆ ಅಂದರೆ ಏಳು ಸುತ್ತಿನ ಕೋಟೆ. ಅದನ್ನೇ ಕಟ್ಟಿದೆವು, ಬುರುಜು, ಬತೇರಿ ಸಮೇತ. ಒಬ್ಬ ಹುಡುಗ ಓಬವ್ವನ ಕಿಂಡಿಯನ್ನೂ ಮಾಡಿದ. ಕೂಸನ್ನು ನೋಡಲು ಪೂರ್ವದಿಂದ ಬಂದ ಜ್ಞಾನಿಗಳು, ಕೂಸನ್ನು ಕೊಲ್ಲಲು ಹೊಂಚು ಹಾಕಿದ್ದ ಹೆರೋದನ ಕಣ್ಣು ತಪ್ಪಿಸಿ ಬೇರೆ ದಾರಿಯಲ್ಲಿ ಹೋದರು ಅಂತ ಶುಭಸಂದೇಶದಲ್ಲಿದೆಯಲ್ಲ, ಅವರನ್ನು ಆ ಕಿಂಡಿಯಿಂದ ದಾಟಿಸಿದ. ಒಂಟೆ ಸಿಕ್ಕಿಹಾಕಿಕೊಂಡಿತು. ಸಿಸ್ಟರ್ ಒಬ್ಬರು ಬಂದು ನೋಡಿ ಇದೇನು ಬೆತ್ಲೆಹೇಮೋ ಚಿತ್ರದುರ್ಗವೋ ಅಂದರು. ಗುರುಗಳು ಮಾತ್ರ ಇರಲಿ ಬಿಡಿ ಸಿಸ್ಟರ್, ಸಂತ ಫ್ರಾನ್ಸಿಸರೂ ಇದನ್ನೇ ಮಾಡಿದ್ದು ಅಂದರು.

ಆ ಮಾತು ಅರ್ಥವಾಗಿದ್ದು ತುಂಬ ತಡವಾಗಿ. ಅಸ್ಸಿಸಿಯ ಫ್ರಾನ್ಸಿಸರು 1223ರಲ್ಲಿ ಇಟಲಿಯ ಗ್ರೆಚ್ಚಿಯೋ ಅನ್ನುವ ಬೆಟ್ಟದೂರಿನಲ್ಲಿ ಕ್ರಿಸ್ಮಸ್ ಮಾಡಿದರು. ಬೆತ್ಲೆಹೇಮಿನಲ್ಲಿ ಆ ಕೂಸು ಪಟ್ಟ ಕಷ್ಟವನ್ನು ನನ್ನ ಕಣ್ಣಿಂದಲೇ ನೋಡಬೇಕು ಅನ್ನುವ ಆಸೆ ಅವರಿಗೆ. ಊರಿನ ಒಬ್ಬ ಗೆಳೆಯನಿಗೆ ಹೇಳಿ ಗೋದಲಿ, ಹುಲ್ಲು, ಒಂದು ಎತ್ತು, ಒಂದು ಕತ್ತೆ ತರಿಸಿದರು. ಬೊಂಬೆಗಳಿರಲಿಲ್ಲ. ಗೋದಲಿಯಲ್ಲಿ ಬರೀ ಹುಲ್ಲು. ಆ ಹುಲ್ಲಿನ ಮೇಲೆಯೇ ಪೂಜೆ ನಡೆಯಿತು. ಊರವರು ಪಂಜು ಹಿಡಿದು ಬಂದರು. ಅಲ್ಲಿಗೆ ಬೆತ್ಲೆಹೇಮ್ ಅವರ ಊರೇ ಆಯಿತು. ಎತ್ತು, ಕತ್ತೆ ಬೈಬಲಿನಲ್ಲಿ ಯೇಸುವಿನ ಹುಟ್ಟನ್ನು ಬರೆದ ಲೂಕನ ಕಥೆಯಲ್ಲಿಲ್ಲ. ಎತ್ತಿಗೆ ತನ್ನ ಒಡೆಯ ಗೊತ್ತು, ಕತ್ತೆಗೆ ತನ್ನ ಯಜಮಾನನ ಗೋದಲಿ ಗೊತ್ತು, ನನ್ನ ಜನಕ್ಕೆ ಮಾತ್ರ ಗೊತ್ತಿಲ್ಲ ಅಂತ ಪ್ರವಾದಿ ಯೆಶಾಯ ಬೈದಿದ್ದನಲ್ಲ, ಅಲ್ಲಿಂದ ಬಂದವು. ಅಂದರೆ ಗೋದಲಿಯಲ್ಲಿ ನಿಂತಿರುವ ಆ ಎರಡು ಪ್ರಾಣಿಗಳು ನಮ್ಮನ್ನು ಬೈಯಲು ನಿಂತಿರುವುದು.

ಗೋದಲಿಯಲ್ಲಿ ಕೂಸನ್ನು ಮಲಗಿಸಿದ್ದನ್ನು ನಾವು ಬಡತನ ಅಂತ ಮಾತ್ರ ಓದುತ್ತೇವೆ. ಅಷ್ಟೇ ಅಲ್ಲ. ಬೆತ್ಲೆಹೇಮ್ ಅನ್ನುವ ಹೀಬ್ರೂ ಹೆಸರಿಗೆ ರೊಟ್ಟಿಯ ಮನೆ ಅಂತ ಅರ್ಥ. ರೊಟ್ಟಿಯ ಮನೆಯಂಥ ಊರು, ಮೇವಿನ ತೊಟ್ಟಿಯೇ ಹಾಸಿಗೆ. ದೊಡ್ಡವನಾದ ಮೇಲೆ ಅವನು ಹೇಳಿದ್ದೇನು? ಇದು ನನ್ನ ಶರೀರ, ತೆಗೆದುಕೊಂಡು ತಿನ್ನಿ. ಪೂಜೆಯಲ್ಲಿ ಕ್ರಿಸ್ತನ ಶರೀರ ಅಂತ ಕೊಡುವ ರೊಟ್ಟಿಗೆ, ಅಂದರೆ ಪರಮಪ್ರಸಾದಕ್ಕೆ, ಕೈ ಚಾಚುವ ಕಥೋಲಿಕನಿಗೆ ಗೋದಲಿ ಮತ್ತು ಪೂಜಾಪೀಠ ಬೇರೆ ಬೇರೆಯಲ್ಲ. ಇಂಗ್ಲಿಷಿನ ಕ್ರಿಸ್ಮಸ್ ಅನ್ನುವ ಮಾತಿಗೂ ಕ್ರಿಸ್ತನ ಪೂಜೆ ಅಂತಲೇ ಅರ್ಥ. ಕೇಕು, ನಕ್ಷತ್ರ ಯಾವುದೂ ಇಲ್ಲದಿದ್ದರೂ ಕ್ರಿಸ್ಮಸ್ ಆಗುತ್ತದೆ, ಪೂಜೆ ಇಲ್ಲದಿದ್ದರೆ ಆಗುವುದಿಲ್ಲ. ಇದನ್ನು ಹೇಳಿದರೆ ಮಗಳು ನನ್ನನ್ನು ಮುದುಕ ಅನ್ನುತ್ತಾಳೆ.

ಈಗ ಕುರುಬರ ವಿಷಯ. ಚಳಿಗಾಲದಲ್ಲಿ ನಮ್ಮ ಕಡೆ ಹೊಲದಲ್ಲಿ ಕುರಿಮಂದೆ ನಿಲ್ಲಿಸುತ್ತಾರೆ, ಗೊಬ್ಬರಕ್ಕೆ. ಕುರಿಯವರು ಕಂಬಳಿ ಹೊದ್ದು, ತೋಳ ಬಂದೀತು ಅಂತ ಬೆಂಕಿ ಹಾಕಿಕೊಂಡು ರಾತ್ರಿಯೆಲ್ಲ ಹೊಲದಲ್ಲೇ ಕಾಯುತ್ತಾರೆ. ಲೂಕನು ಬರೆದಿರುವುದೂ ಇದನ್ನೇ. ನನ್ನ ಅಜ್ಜಿಗೆ ಓದು ಬರುತ್ತಿರಲಿಲ್ಲ. ಕ್ರಿಸ್ಮಸ್ ಪೂಜೆಯಲ್ಲಿ ಆ ಭಾಗ ಓದುವಾಗ "ನಮ್ಮ ಚಳ್ಳಕೆರೆ ಕಂಬಳಿಯೋರು" ಅಂತ ನನ್ನ ಕಿವಿಯಲ್ಲಿ ಹೇಳುತ್ತಿದ್ದಳು. ಅವಳ ಮಟ್ಟಿಗೆ ದೇವದೂತರು ಬಂದಿದ್ದು ಚಳ್ಳಕೆರೆಯ ಹೊಲಕ್ಕೆ.

ಅವಳು ಇನ್ನೊಂದು ಮಾತು ಹೇಳುತ್ತಿದ್ದಳು. ಅದನ್ನು ಬರೆಯಲೋ ಬೇಡವೋ ಅಂತ ಯೋಚನೆ ಮಾಡಿಯೇ ಬರೆಯುತ್ತಿದ್ದೇನೆ. ನಮ್ಮ ಜಿಲ್ಲೆಯ ಕಾಡುಗೊಲ್ಲರ ಹಟ್ಟಿಗಳಲ್ಲಿ ಹೆರಿಗೆಯಾದ ಹೆಂಗಸನ್ನೂ ಕೂಸನ್ನೂ ಸೂತಕ ಅಂತ ಹಟ್ಟಿಯ ಹೊರಗೆ ಸಣ್ಣ ಗುಡ್ಲಿನಲ್ಲಿ ಇಡುವ ಪದ್ಧತಿ ಇತ್ತು. ಕೆಲವು ಕಡೆ ಇನ್ನೂ ಹೋಗಿಲ್ಲ. ಅಜ್ಜಿ ಶೇಂಗಾ ಕೀಳಲು ಹೋದಾಗ ಒಂದು ಹಟ್ಟಿಯ ಹೊರಗೆ ಅಂಥ ಬಾಣಂತಿಯನ್ನು ನೋಡಿದ್ದಳಂತೆ. ಗಾಳಿ, ಮಂಜು. ಮೇಲೆ ಗರಿ, ಕೆಳಗೆ ಗೋಣಿತಾಟು. ನೀರು ಕೊಡಲು ಹೋದವಳನ್ನು ಯಾರೋ ಕೂಗಿ ತಡೆದರಂತೆ. "ಮರಿಯಮ್ಮನ್ನೂ ಹಿಂಗೇ ಊರ ಹೊರಗೆ ಹಾಕಿದ್ರು ಕಣ್ಲಾ" ಅನ್ನುತ್ತಿದ್ದಳು.

ಗೋದಲಿಯನ್ನು ನಾವು ಸೀರಿಯಲ್ ಸೆಟ್ ಲೈಟು ಹಾಕಿ ಚಂದ ಮಾಡುತ್ತೇವೆ. ಅಜ್ಜಿ ನೋಡಿದ ಗುಡ್ಲು ಚಂದ ಇರಲಿಲ್ಲ. ಅದೊಂದು ಅನ್ಯಾಯ, ಹೋಗಲೇಬೇಕಾದದ್ದು. ಗೊಲ್ಲರ ಕಡೆ ಬೆರಳು ತೋರಿಸಿ ನಾವು ಪಾರಾಗುವ ಹಾಗೂ ಇಲ್ಲ. ನಮ್ಮ ಚರ್ಚುಗಳಲ್ಲೂ ಯಾರು ಮುಂದಿನ ಬೆಂಚು, ಯಾರು ಹಿಂದಿನ ಬೆಂಚು ಅನ್ನುವ ಲೆಕ್ಕ ಬಹಳ ಕಾಲ ನಡೆದಿದೆ. ಆದರೂ ದೇವರು ಎಲ್ಲಿ ಹುಟ್ಟಿದ ಅಂತ ಕೇಳಿದರೆ ನನಗೆ ನೆನಪಾಗುವುದು ಆ ಗುಡ್ಲೇ. ಕ್ರಿಸ್ಮಸ್ ಹಗಲಿನ ಪೂಜೆಯಲ್ಲಿ ಯೊವಾನ್ನನ ಶುಭಸಂದೇಶದ ಮೊದಲ ಅಧ್ಯಾಯ ಓದುತ್ತಾರೆ. ವಾಕ್ಯವು ಮನುಷ್ಯನಾಗಿ ನಮ್ಮ ನಡುವೆ ವಾಸಮಾಡಿತು ಅಂತ ಬರುತ್ತದೆ. ಅಲ್ಲಿ 'ವಾಸಮಾಡಿತು' ಅನ್ನುವುದಕ್ಕೆ ಇರುವ ಗ್ರೀಕ್ ಮಾತಿನ ಅರ್ಥ ಗುಡಾರ ಹಾಕಿತು ಅಂತ. ಕುರಿಯವರ ಭಾಷೆ ಅದು.

ಛತ್ರದಲ್ಲಿ ಜಾಗ ಸಿಗಲಿಲ್ಲ ಅಂತ ಕನ್ನಡ ಬೈಬಲಿನಲ್ಲಿ ಓದಿ ಚಿಕ್ಕವನಿದ್ದಾಗ ನಾನು ಮದುವೆ ಛತ್ರ ಅಂದುಕೊಂಡಿದ್ದೆ. ಯಾರದ್ದೋ ಮದುವೆ ಇತ್ತು, ಅದಕ್ಕೇ ಜಾಗ ಇಲ್ಲ ಅಂದರು ಅಂತ. ಆಮೇಲೆ ತಿಳಿಯಿತು, ಲೂಕನು ಬಳಸಿದ ಮಾತಿಗೆ ಅತಿಥಿಗಳ ಕೋಣೆ ಅಂತಲೂ ಅರ್ಥ. ಕೊನೆಯ ರಾತ್ರಿಯೂಟಕ್ಕೆ ಯೇಸು ಶಿಷ್ಯರ ಜೊತೆ ಕೂತ ಕೋಣೆಗೂ ಲೂಕನು ಅದೇ ಮಾತು ಬರೆದಿದ್ದಾನೆ. ಹುಟ್ಟುವಾಗ ಸಿಗದ ಕೋಣೆಯನ್ನು ಸಾಯುವ ಹಿಂದಿನ ದಿನ ಕೇಳಿ ಪಡೆದ. ಅಲ್ಲೇ ರೊಟ್ಟಿ ಮುರಿದ.

ಬೆಂಕಿಯ ವಿಷಯ ಮರೆತೆ. ಹೆಂಡತಿಯ ಊರಿನ ಚರ್ಚಿನಲ್ಲಿ ಕ್ರಿಸ್ಮಸ್ ರಾತ್ರಿ ಅಂಗಳದಲ್ಲಿ ಶಿಲುಬೆ ಆಕಾರದ ಗುಂಡಿಯಲ್ಲಿ ಬೆಂಕಿ ಹಾಕುತ್ತಾರೆ. ಬಾಲಯೇಸುವನ್ನು ಎತ್ತಿಕೊಂಡು ಮೆರವಣಿಗೆಯಲ್ಲಿ ಬಂದು, ಎಲ್ಲರೂ ಬೆಂಕಿಗೆ ಧೂಪದ ಹರಳು ಹಾಕುತ್ತಾರೆ. ಕುರುಬರು ಚಳಿ ಕಾಯಿಸಿಕೊಂಡ ಬೆಂಕಿ ಅದು ಅಂತ ಅತ್ತೆ ಹೇಳಿದರು. ನನಗೆ ನಗು ಬಂತು. ಬೆವರು ಒರೆಸಿಕೊಳ್ಳುತ್ತಾ ಚಳಿ ಕಾಯಿಸುವ ಜನ ಇವರು! ನಿಜವಾದ ಚಳಿ ಇರುವ ದುರ್ಗದ ಚರ್ಚಿನಲ್ಲಿ ಬೆಂಕಿ ಇಲ್ಲ. ಅಲ್ಲಿ ಮಫ್ಲರ್ ಸುತ್ತಿಕೊಂಡು ನಡುಗುತ್ತಾ ಕೂರುತ್ತಿದ್ದೆವು. ಈಗಂತೂ ರಾತ್ರಿ ಹತ್ತರ ಮೇಲೆ ಮೈಕ್ ಹಾಕುವಂತಿಲ್ಲ ಅಂತ ಎಷ್ಟೋ ಕಡೆ ನಡುರಾತ್ರಿ ಪೂಜೆಯನ್ನೇ ಸಂಜೆಗೆ ತಂದುಬಿಟ್ಟಿದ್ದಾರೆ. ಮುದುಕರಿಗೆ ಅನುಕೂಲ, ಹೌದು. ಆದರೆ ನಿದ್ದೆಗೆಟ್ಟು ಕಾಯುವ ಆ ಒಂದು ರಾತ್ರಿಯೂ ಹೋಯಿತಲ್ಲ. ಮೈಕ್ ಇಲ್ಲದೆ ಪೂಜೆ ಮಾಡಿದರೆ ಏನಾಗುತ್ತದೆ? ಕತ್ತಲಲ್ಲಿ ನಡೆಯುತ್ತಿದ್ದ ಜನರಿಗೆ ಮಹಾಬೆಳಕು ಕಂಡಿತು ಅಂತ ಯೆಶಾಯನ ವಾಚನ ಓದುವಾಗ ನಮ್ಮಲ್ಲಿ ಎಷ್ಟೋ ಸಲ ಕರೆಂಟೇ ಇರುತ್ತಿರಲಿಲ್ಲ. ಆಗ ಮೇಣದಬತ್ತಿ ಹಿಡಿದು ಓದುತ್ತಿದ್ದರು. ಆ ವಾಕ್ಯಕ್ಕೆ ಅದಕ್ಕಿಂತ ಒಳ್ಳೆಯ ವಿವರಣೆಯನ್ನು ನಾನು ಇನ್ನೂ ಕೇಳಿಲ್ಲ.

ಎರಡು ವರ್ಷದ ಹಿಂದೆ ಕ್ರಿಸ್ಮಸ್‌ಗೆ ದುರ್ಗಕ್ಕೆ ಹೋಗಿದ್ದೆ. ನೋಂಬು ಹಿಡಿದೇ ಹೋದೆ. ಇಪ್ಪತ್ತೆರಡಕ್ಕೆ ಊರು ತಲುಪಿದರೆ ಅಮ್ಮ ಕೋಳಿ ಸಾರು ಮಾಡಿಟ್ಟಿದ್ದಾಳೆ. ಬೇಡ ಅಂದೆ. ಮುಖ ಸಣ್ಣಗಾಯಿತು. ಆಗ ನನ್ನ ಹಳೆಯ ಉತ್ತರ ಹೇಳಿದೆ: "ಇದು ಬಾಣಂತಿ ಮನೆ ಅಲ್ಲಮ್ಮ, ಇನ್ನೂ ಬಸುರಿ ಮನೆ." ಅವಳು ಸ್ವಲ್ಪ ಹೊತ್ತು ಯೋಚಿಸಿದಳು. "ಬಸುರಿ ಮನೇಲೂ ಊಟ ಮಾಡ್ತಾರೆ" ಅಂದಳು. ಸಾರು ಮಾತ್ರ ಒಳಗಿಟ್ಟಳು. ನೋಂಬನ್ನು ಊರಿಗೆ ಒಯ್ಯುವ ನನ್ನ ಯೋಜನೆ ಅಲ್ಲಿಗೆ ನಿಂತಿದೆ. ತಮ್ಮ ಮಾತ್ರ ಮುಂದಿನ ವರ್ಷ ನೋಡೋಣ ಅಂದಿದ್ದಾನೆ. ಅವನ ಮುಂದಿನ ವರ್ಷಗಳ ಬಗ್ಗೆ ನನಗೆ ಗೊತ್ತು.

ಆ ಸಲದ ಪೂಜೆಯಲ್ಲಿ ಇನ್ನೊಂದನ್ನು ಮರಳಿ ಕಂಡೆ. ನಮ್ಮ ನಂಬಿಕೆಯನ್ನು ಸಾರುವ ವಿಶ್ವಾಸ ಪ್ರಮಾಣ ಹೇಳುವಾಗ ಬೇರೆ ದಿನಗಳಲ್ಲಿ 'ಕನ್ಯಾಮರಿಯಮ್ಮನಿಂದ ಮನುಷ್ಯರಾದರು' ಅನ್ನುವ ಮಾತಿಗೆ ತಲೆ ಬಾಗಿಸುತ್ತೇವೆ. ಲ್ಯಾಟಿನ್ ಕ್ರಮದಲ್ಲಿ ವರ್ಷಕ್ಕೆ ಎರಡು ಹಬ್ಬಗಳಲ್ಲಿ ಮಾತ್ರ ಆ ಮಾತಿಗೆ ಮೊಣಕಾಲೂರುತ್ತೇವೆ. ಒಂದು ಮಂಗಳವಾರ್ತೆಯ ಹಬ್ಬ, ಮಾರ್ಚ್ 25. ಇನ್ನೊಂದು ಕ್ರಿಸ್ಮಸ್. ಲೆಕ್ಕ ಹಾಕಿ, ನಡುವೆ ಸರಿಯಾಗಿ ಒಂಬತ್ತು ತಿಂಗಳು. ಅಪ್ಪನಿಗೆ ಎಪ್ಪತ್ತಾರು. ಎರಡೂ ಮಂಡಿ ಸವೆದಿವೆ, ಕುರ್ಚಿಯಲ್ಲೇ ಕೂತು ಪೂಜೆ ಕೇಳುತ್ತಾರೆ. ಆ ಮಾತು ಬಂದಾಗ ಮುಂದಿನ ಬೆಂಚು ಹಿಡಿದು ಇಳಿಯತೊಡಗಿದರು. ಬೇಡಪ್ಪಾ ಅಂತ ತೋಳು ಹಿಡಿದೆ. ಕೈ ಕೊಡವಿದರು. ನೆಲ ಮುಟ್ಟುವ ಹೊತ್ತಿಗೆ ಎಲ್ಲರೂ ಎದ್ದು ಮುಂದಿನ ಸಾಲು ಹೇಳುತ್ತಿದ್ದರು. ಅವರಿಗೆ ಅವಸರವಿರಲಿಲ್ಲ. ತಮ್ಮಷ್ಟಕ್ಕೆ ಆ ಒಂದು ಸಾಲು ಹೇಳಿಕೊಂಡು, ಆಮೇಲೆ ಏಳಿಸು ಅಂತ ಕೈ ಚಾಚಿದರು.

ಹೊರಡುವಾಗ ಅಮ್ಮ ಹಳೆಯ ಕಂಬಳಿಯ ಒಂದು ತುಂಡು ಕೊಟ್ಟಳು, ಅಜ್ಜಿಯದು. ಅದೀಗ ತ್ರಿಶೂರಿನ ನಮ್ಮ ಹುಲ್ಲುಗೂಡಿನಲ್ಲಿದೆ. ಹುಲ್ಲಿನ ಮೇಲೆ ಕಪ್ಪು ಕಂಬಳಿ. ಕರಿ ಬಟ್ಟೆ ಹಬ್ಬಕ್ಕೆ ಯಾಕೆ ಅಂತ ಅತ್ತೆ ಮೊದಲು ಕೇಳಿದರು. ಕುರುಬರದು ಅಂದ ಮೇಲೆ ತಾವೇ ಮಡಿಸಿ ಹಾಸಿದರು. ಮರಿಯಮ್ಮ, ಜೋಸೆಫರು, ಎತ್ತು, ಕತ್ತೆ ಎಲ್ಲ ಬಂದು ನಿಂತಿವೆ. ಗೋದಲಿ ಮಾತ್ರ ಖಾಲಿ. ಕೂಸನ್ನು ಇಪ್ಪತ್ತನಾಲ್ಕರ ರಾತ್ರಿಯವರೆಗೆ ಇಡುವುದಿಲ್ಲ, ಎರಡೂ ಊರಿನಲ್ಲಿ ಇದೊಂದು ಮಾತ್ರ ಒಂದೇ ಪದ್ಧತಿ.

ಅಲ್ಲಿಯವರೆಗೆ ಕೂಸನ್ನು ಎಲ್ಲಿಡಬೇಕು ಅಂತ ಮಗಳು ಮೊನ್ನೆ ಕೇಳಿದಳು. ಕಪಾಟಿನಲ್ಲಿಟ್ಟರೆ ಮರೆತುಹೋಗುತ್ತದೆ ಅಂತ ಅವಳ ಚಿಂತೆ. ದುರ್ಗಕ್ಕೆ ವಿಡಿಯೋ ಕಾಲ್ ಮಾಡಿ ಅವಳ ಕೈಯಲ್ಲೇ ಕೇಳಿಸಿದೆ.

"ಅಜ್ಜಿ, ನಿಮ್ಮ ಮನೆ ಬಾಲಯೇಸು ಈಗ ಎಲ್ಲಿದಾನೆ?"

"ಇನ್ನೆಲ್ಲಿರ್ತಾನೆ ಕಂದಾ, ರಾಗಿ ಹಿಟ್ಟಿನ ಡಬ್ಬೀಲಿ."